ಗೂಡು ಕಳೆದುಕೊಂಡ ಮೊಟ್ಟೆ

ಪರಿಚಿತರೊಬ್ಬರ ಮನೆಯ ಗಾಜಿನ ಕಪಾಟಿನಲ್ಲಿ, ಕಪ್ಪು ಮಖಮಲ್ಲಿನ ಮೇಲೆ ದೀಪದ ಬೆಳಕಿನಲ್ಲಿ ಕೂರಿಸಿದ್ದ ಡೈನೋಸಾರ್ ಮೊಟ್ಟೆಯೊಂದನ್ನು ನಿನ್ನೆ ನೋಡಿ ಬಂದಾಗಿನಿಂದ ಮೈ ಉರಿಯುತ್ತಿದೆ. ಪಳೆಯುಳಿಕೆ ಎಂದರೆ ನಾನು ಊಟ ಬಿಟ್ಟು ಓಡುವವಳೆಂದು ನಿಮಗೆಲ್ಲ ಗೊತ್ತೇ ಇದೆ. ಆದ್ದರಿಂದ ಮೊಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿ ಸಿಕ್ಕಿದ್ದು ಎಂದು ಕೇಳಿದೆ. ‘ಚೀನಾ’ ಎಂದರು. ಚೀನಾದಲ್ಲಿ ಎಲ್ಲಿ, ಯಾವ ಪದರದಲ್ಲಿ, ಜೊತೆಯಲ್ಲಿ ಇನ್ನೆಷ್ಟಿದ್ದವು ಎಂದು ಕೆದಕಿದಾಗ ಪ್ರಮಾಣಪತ್ರ ತಂದು ಮುಂದಿಟ್ಟರು. ಅದರಲ್ಲಿ ತೂಕವಿತ್ತು, ಸುತ್ತಳತೆಯಿತ್ತು, ಹೊಂಬಣ್ಣದ ಮುದ್ರೆಯೂ ಇತ್ತು. ವಿಳಾಸವೊಂದು ಇರಲಿಲ್ಲ.

ವಿಳಾಸಕ್ಕೆ ಇಷ್ಟು ರಂಪವೇಕೆ ಎನ್ನುವವರು ಓವಿರಾಪ್ಟರ್ ಎಂಬ ಡೈನೋಸಾರ್‌ನ ಕಥೆ ಕೇಳಬೇಕು. 1923ರಲ್ಲಿ ಅಮೆರಿಕದ ಅನ್ವೇಷಕ ರಾಯ್ ಚಾಪ್ಮನ್ ಆಂಡ್ರ್ಯೂಸ್ ಅವರ ತಂಡಕ್ಕೆ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ರಾಶಿಯೂ ಅದರ ಮೇಲೆಯೇ ಬಿದ್ದಿದ್ದ ಪ್ರಾಣಿಯೊಂದರ ಅಸ್ಥಿಯೂ ಸಿಕ್ಕವು. ಮೊಟ್ಟೆ ಪ್ರೊಟೊಸೆರಟಾಪ್ಸ್ ಎಂಬ ಬೇರೊಂದು ಡೈನೋಸಾರ್‌ನದೆಂದು ಭಾವಿಸಿದ್ದರಿಂದ, ಕದಿಯಲು ಬಂದು ಸಿಕ್ಕಿಬಿದ್ದದ್ದೆಂಬ ತೀರ್ಮಾನದಲ್ಲಿ ಮರುವರ್ಷ ಅದಕ್ಕೆ ‘ಮೊಟ್ಟೆಗಳ್ಳ’ ಎಂಬರ್ಥದ ಹೆಸರಿಟ್ಟರು. ಏಳು ದಶಕಗಳ ನಂತರ, ಅದೇ ಗೋಬಿಯಲ್ಲಿ, ಅದೇ ಬಗೆಯ ಮೊಟ್ಟೆಯೊಳಗೆ ಓವಿರಾಪ್ಟರ್ ಕುಲದ ಭ್ರೂಣ ಸಿಕ್ಕಾಗ ಕಳ್ಳನೆನಿಸಿಕೊಂಡದ್ದು ಆ ಗೂಡಿಗೇ ಸೇರಿದ್ದೆಂದು ತಿಳಿಯಿತು. ಅಸ್ಥಿ ಯಾವ ಮೊಟ್ಟೆಗಳ ಮೇಲೆ ಬಿದ್ದಿತ್ತೆಂಬುದು ದಾಖಲಾಗಿದ್ದರಿಂದಲ್ಲವೇ ಆ ಆರೋಪವನ್ನು ಮರುವಿಚಾರಣೆ ಮಾಡಲಾದದ್ದು? ಈ ಕುಲದ ಗೂಡುಗಳಲ್ಲಿ ಮೊಟ್ಟೆಗಳು ಎರಡೆರಡಾಗಿ ವರ್ತುಲದಲ್ಲಿ ಇರುತ್ತವೆ. ತಾಯಿ ಒಂದು ಸಲಕ್ಕೆ ಎರಡನ್ನು ಇಡುತ್ತಿತ್ತೆಂಬ ಊಹೆ ಆ ಜೋಡಣೆಯಿಂದಲೇ ಹುಟ್ಟಿದ್ದು. ಕಪಾಟಿಗೆಂದು ಒಂದನ್ನು ಕಿತ್ತರೆ ಜೋಡಿ ಮುರಿಯಿತು, ಸಾಕ್ಷ್ಯವೂ ಹೋಯಿತು.

ವಿಜ್ಞಾನಿಗಳೇನೂ ಸಾಚಾ ಅಲ್ಲ ಬಿಡಿ. ಆಂಡ್ರ್ಯೂಸ್ ಅವರ ಬಳಗವೇ ನಿಧಿ ಸಂಗ್ರಹಕ್ಕೆಂದು ಒಂದು ಮೊಟ್ಟೆಯನ್ನು ಹರಾಜಿಗಿಟ್ಟಿತು. ಐದು ಸಾವಿರ ಡಾಲರಿಗೆ ಅದು ಕಾಲ್ಗೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಚಟ ಹತ್ತಿಸಿದವರು ಯಾರೆಂದು ನೀವೇ ಹೇಳಿ.

‘ನಾವು ಕೊಳ್ಳದಿದ್ದರೆ ಮಳೆಗಾಳಿಗೆ ಪುಡಿಯಾಗಿ ಹೋಗುತ್ತಿತ್ತು’ ಎಂಬುದು ಸಂಗ್ರಾಹಕರ ಬಾಯಿಪಾಠ. ಒಪ್ಪೋಣ, ಅರ್ಧ ನಿಮಿಷದ ಮಟ್ಟಿಗೆ. ಚೀನಾದ ಹೆನಾನ್‌ನಲ್ಲಿ ಸಿಕ್ಕಿ, ಅಮೆರಿಕಕ್ಕೆ ಮಾರಾಟವಾಗಿ, ‘ಬೇಬಿ ಲೂಯಿ’ ಎಂದು ಮುದ್ದಿನ ಹೆಸರು ಪಡೆದ ಭ್ರೂಣ 2013ರಲ್ಲಿ ತಾಯ್ನಾಡಿಗೆ ಮರಳಿತು. ಬೇಬೇಲಾಂಗ್ ಎಂಬ ವೈಜ್ಞಾನಿಕ ಹೆಸರು ಅದಕ್ಕೆ ಸಿಕ್ಕಿದ್ದು 2017ರಲ್ಲಿ. ‘ಉಳಿಸಿಕೊಟ್ಟ’ ಉಪಕಾರಕ್ಕೆ ತೆತ್ತ ಬೆಲೆ ಎರಡು ದಶಕಗಳಿಗೂ ಹೆಚ್ಚಿನ ಅನಾಮಧೇಯ ಬದುಕು! ಮಧ್ಯಪ್ರದೇಶದ ಧಾರ್ ಜಿಲ್ಲೆಯ ರೈತರು ಕಲ್ಲಾಗಿದ್ದ ಇಂಥ ಉರುಟು ಮೊಟ್ಟೆಗಳನ್ನು ಹೊಲ ಕಾಯುವ ಭೈರವನೆಂದು ಪೂಜಿಸುತ್ತಿದ್ದರೆಂಬ ಸುದ್ದಿ 2023ರಲ್ಲಿ ಬಂದಾಗ ಎಷ್ಟೋ ಜನ ನಕ್ಕರು. ಆ ರೈತರು ಮೊಟ್ಟೆಯನ್ನು ಅದರ ಮಣ್ಣಿನಲ್ಲೇ ಇಟ್ಟಿದ್ದರಲ್ಲ, ನಗುವುದೇನಿದೆ?

ಇನ್ನು ನಿನ್ನೆಯ ಮೊಟ್ಟೆಯ ವಿಷಯ. ಭೂತಗನ್ನಡಿ ಹಿಡಿದು ನೋಡಿದೆ. ಚಿಪ್ಪಿನ ಚೂರುಗಳು ಅಪ್ಪಟವಾಗಿದ್ದವು, ಮರಿ ಉಸಿರಾಡಲೆಂದಿದ್ದ ಸೂಕ್ಷ್ಮ ರಂಧ್ರಗಳೂ ಕಂಡವು. ಆದರೆ ಒಂದು ಚೂರು ಕಂದು, ಪಕ್ಕದ್ದು ಬೂದು. ಒಂದರ ಬಾಗು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ನಡುವಿನ ಸಂದಿಗಳಲ್ಲಿ ಒಂದೇ ಬಣ್ಣದ ಗಾರೆ. ಉರುಟು ಕಲ್ಲಿಗೆ ಹತ್ತಾರು ಮೊಟ್ಟೆಗಳ ಚಿಪ್ಪು ಅಂಟಿಸುವ ಹಳೆಯ ಕೈಚಳಕ. ‘ಒಳಗೆ ಮರಿ ಇರಬಹುದೇ?’ ಎಂದು ಅವರು ಆಸೆಯಿಂದ ಕೇಳಿದರು. ಹೇಳಲು ಬಾಯಿ ಬರಲಿಲ್ಲ. ಸ್ಕ್ಯಾನ್ ಮಾಡಿಸಿ ನೋಡಿ ಎಂದು ಜಾರಿಕೊಂಡೆ.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ನನ್ನ ಮೇಜಿನ ಖಾನೆಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಚಿಪ್ಪಿನ ಚೂರೊಂದಿದೆ. ಎಳೆಯ ವಯಸ್ಸಿನಲ್ಲಿ ಆಸೆ ತಡೆಯಲಾರದೆ ಕೊಂಡದ್ದು. ರಾತ್ರಿ ಮನೆಗೆ ಬಂದವಳು ಅದರ ಜೊತೆಗಿದ್ದ ಚೀಟಿಯನ್ನು ಮತ್ತೆ ಬಿಚ್ಚಿ ಓದಿದೆ: ‘ದಕ್ಷಿಣ ಫ್ರಾನ್ಸ್’. ಅಷ್ಟೇ ಬರೆದಿದೆ.