ಸ್ಪಷ್ಟನೆ: ಸೆನ್ಸರ್ ಅಳೆಯುವುದು ಕುದುರೆಯ ನೋವನ್ನಲ್ಲ

ಕುದುರೆಗೆ ಸೆನ್ಸರ್ ಕಟ್ಟಿ ಓಡಿಸಿದರೆ ಸಾಕು, ಯಾವ ಕಾಲು ಕುಂಟುತ್ತಿದೆ, ಏಕೆ ಕುಂಟುತ್ತಿದೆ ಎಂಬುದೆಲ್ಲ ನಿಮಿಷಗಳಲ್ಲಿ ತಿಳಿಯುತ್ತದೆ, ಪಶುವೈದ್ಯರೇ ಬೇಕಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಬಳಕೆಯಲ್ಲಿರುವ ಒಂದು ವ್ಯವಸ್ಥೆಯಲ್ಲಿ ನೆತ್ತಿ, ಸೊಂಟ ಮತ್ತು ಬಲ ಮುಂಗಾಲಿಗೆ ಸೆನ್ಸರ್‌ಗಳಿರುತ್ತವೆ. ಕುದುರೆ ಟ್ರಾಟ್ ಗತಿಯಲ್ಲಿ (ಎದುರು ಬದಿಯ ಮುಂಗಾಲು-ಹಿಂಗಾಲು ಜೋಡಿಯಾಗಿ ಎತ್ತಿಡುವ ಮಧ್ಯಮ ವೇಗದ ಓಟ) ನೇರವಾಗಿ ಓಡುವಾಗ ತಲೆಯೂ ಸೊಂಟವೂ ಎಡ ಹೆಜ್ಜೆಗೆ ಎಷ್ಟು ಏರಿಳಿಯುತ್ತವೆ, ಬಲ ಹೆಜ್ಜೆಗೆ ಎಷ್ಟು ಎಂಬ ವ್ಯತ್ಯಾಸವನ್ನು ಅವು ಮಿಲಿಮೀಟರ್‌ಗಳಲ್ಲಿ ದಾಖಲಿಸುತ್ತವೆ. ತಲೆಗೆ 6, ಸೊಂಟಕ್ಕೆ 3 ಮಿಲಿಮೀಟರ್ ಸಾಮಾನ್ಯ ಮಿತಿ. ಬರಿಗಣ್ಣು ಇಷ್ಟು ಸೂಕ್ಷ್ಮವಲ್ಲ. ಸೌಮ್ಯ ಕುಂಟಿನ ವಿಷಯದಲ್ಲಿ ಅನುಭವಿ ವೈದ್ಯರಲ್ಲೇ ಒಮ್ಮತ ಕಡಿಮೆ. ಆ ಮಟ್ಟಿಗೆ ಉಪಕರಣದ ಹೊಗಳಿಕೆ ನ್ಯಾಯವೇ.

ಆದರೆ ಮಿತಿ ಮೀರಿದ ಮಾತ್ರಕ್ಕೆ ರೋಗವೆಂದಲ್ಲ. ಮಾಲೀಕರು ಕುಂಟಿಲ್ಲವೆಂದು ನಂಬಿದ್ದ 222 ಸವಾರಿ ಕುದುರೆಗಳನ್ನು ಅಳೆದ 2017ರ ಅಧ್ಯಯನದಲ್ಲಿ ಶೇ 72.5ರಷ್ಟು ಮಿತಿ ಮೀರಿದ್ದವು. ಅವೆಲ್ಲಕ್ಕೂ ನೋವಿತ್ತೇ? ಹುಟ್ಟಿನಿಂದ ಬಂದ ಓರೆಯೂ ಇರಬಹುದು. ಅಂಕಿ ಅದನ್ನು ಹೇಳದು. ಇದಕ್ಕೆ ವಿರುದ್ಧವಾಗಿ, ಎರಡೂ ಮುಂಗಾಲುಗಳು ಸಮನಾಗಿ ನೋಯುತ್ತಿದ್ದರೆ ಅಸಮತೆಯೇ ಕಾಣದೆ ವರದಿ ಶುದ್ಧವಾಗಿ ಬರಬಹುದು. ಹಿಂಗಾಲಿನ ಕುಂಟು ತಲೆಯ ಚಲನೆಯನ್ನೂ ಬದಲಿಸಿ, ಅದೇ ಬದಿಯ ಮುಂಗಾಲಿನ ಮೇಲೆ ಸುಳ್ಳು ಅನುಮಾನ ಹುಟ್ಟಿಸುತ್ತದೆ.

ನೋವಿನ ಜಾಗ ಗುರುತಿಸಲು ಕಾಲನ್ನು ಮುಟ್ಟಿ ನೋಡಬೇಕು, ನರಗಳಿಗೆ ಅರಿವಳಿಕೆ ಕೊಟ್ಟು, ಕುಂಟು ಕಡಿಮೆಯಾಗುತ್ತದೆಯೇ ಎಂದು ಮತ್ತೆ ಓಡಿಸಿ ನೋಡಬೇಕು. ಸೆನ್ಸರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ: ಅರಿವಳಿಕೆ ಚುಚ್ಚುಮದ್ದಿನ ಮೊದಲು ಮತ್ತು ನಂತರದ ಅಂಕಿಗಳನ್ನು ಹೋಲಿಸಲು. ಕಾರಣ ತಿಳಿಯಲು ಎಕ್ಸ್‌ರೇ, ಅಲ್ಟ್ರಾಸೌಂಡ್‌ನಂಥ ಪರೀಕ್ಷೆಗಳು ಬೇಕಾಗುತ್ತವೆ.