ಕ್ಯಾಮೆರಾ ಇದೆಯಾ ಅಂತ ಕೇಳ್ತೀವಿ, ಕೈ ಎಷ್ಟಿವೆ ಅಂತ ಕೇಳಲ್ಲ

ಮಗಳಿಗೆ ಆಗ ಹದಿನಾಲ್ಕು ತಿಂಗಳು. ಒಂದು ದಿನ ಕೆಲಸ ಬೇಗ ಮುಗಿಯಿತು ಅಂತ ಡೇ ಕೇರ್‌ಗೆ ಎರಡು ಗಂಟೆ ಮೊದಲೇ ಹೋದೆ. ಬೆಲ್ ಮಾಡಿ ತುಂಬಾ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಒಳಗೆ ಹನ್ನೊಂದು ಮಕ್ಕಳು, ಒಬ್ಬರೇ ಆಯಾ. ಅವರ ಸೊಂಟದ ಮೇಲೊಂದು ಮಗು, ಬಟ್ಟೆ ಹಿಡಿದು ಜಗ್ಗುತ್ತಾ ಇನ್ನೊಂದು. ಚಾಪೆಯ ಮೇಲಿದ್ದ ಮಗು ಮುಖ ಕೆಂಪಾಗುವ ಹಾಗೆ ಅಳುತ್ತಿತ್ತು. ಆಯಾ ಬಗ್ಗಿ, ಅದರ ಒಂದು ತೋಳು ಹಿಡಿದು ಚೀಲ ಎತ್ತುವ ಹಾಗೆ ಎತ್ತಿದರು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ ತಕ್ಷಣ ಕೆಳಗಿಟ್ಟರು. ಹಾಗೆ ಒಂದೇ ಕೈ ಹಿಡಿದು ಎಳೆದೆತ್ತಿದರೆ ಸಣ್ಣ ಮಕ್ಕಳ ಮೊಣಕೈ ಮೂಳೆ ಜಾರಬಹುದು.

ನನ್ನ ಮಗಳು ಮೂಲೆಯಲ್ಲಿ, ಒದ್ದೆಯಾಗಿ ಜೋತುಬಿದ್ದ ಡಯಪರ್‌ನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ ಕೈ ಚಾಚಲೂ ಇಲ್ಲ. ನನಗೆ ಎದೆ ಧಸಕ್ಕೆಂದಿದ್ದು ಅದಕ್ಕೇ.

"ಬೆಳಗ್ಗೆಯಿಂದ ನೀರು ಕುಡಿಯೋಕೂ ಪುರಸೊತ್ತಿಲ್ಲ ಮೇಡಂ" ಅಂದರು ಆಯಾ. ಅವರ ಕಣ್ಣು ತುಂಬಿಕೊಂಡಿತ್ತು. ನನಗೆ ಕೋಪ ಬಂದಿತ್ತು ನಿಜ. ಆದರೆ ಹನ್ನೊಂದು ಮಕ್ಕಳನ್ನು ನನ್ನೊಬ್ಬಳ ಕೈಗೆ ಕೊಟ್ಟಿದ್ದರೆ ಮಧ್ಯಾಹ್ನದ ಹೊತ್ತಿಗೆ ನಾನು ಹೇಗಿರುತ್ತಿದ್ದೆ ಅಂತ ಯೋಚಿಸದೆ ಇರಲಾಗಲಿಲ್ಲ.

ಮರುದಿನ ನಡೆಸುವವರ ಹತ್ತಿರ ಹೋಗಿ, ಇನ್ನೊಬ್ಬರನ್ನು ನೇಮಿಸಿ ಅಂದೆ. ಅವರು ಹೊಸದಾಗಿ ಸಿಸಿಟಿವಿ ಹಾಕಿಸುತ್ತೇವೆ, ಮೊಬೈಲ್‌ನಲ್ಲೇ ನೋಡಬಹುದು ಅಂದರು. ಆಮೇಲೆ ಹೇಳಿದ ಮಾತು ಇವತ್ತಿಗೂ ಮರೆತಿಲ್ಲ: "ಎಲ್ಲ ಪೇರೆಂಟ್ಸೂ ಕ್ಯಾಮೆರಾ ಇದೆಯಾ ಅಂತ ಕೇಳ್ತಾರೆ. ಆಯಾ ಎಷ್ಟು ಜನ ಅಂತ ಯಾರೂ ಕೇಳಲ್ಲ." ಆ ಮಾತು ನನಗೂ ಸೇರಿತ್ತು. ಸೇರಿಸುವಾಗ ನಾನೂ ಕೇಳಿರಲಿಲ್ಲ.

ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ ಡೇ ಕೇರ್ ಶಿಕ್ಷಕಿ ಒಬ್ಬರು ಮಗುವಿಗೆ ಹೊಡೆದ ವಿಡಿಯೋ ಹೊರಬಂದು ದೇಶವೇ ಸಿಡಿದೆದ್ದ ಮೇಲೆ, 2015ರಲ್ಲಿ ಎಲ್ಲ ಡೇ ಕೇರ್‌ಗಳಿಗೂ ಕ್ಯಾಮೆರಾ ಕಡ್ಡಾಯ ಮಾಡಿದರು. ಅದಾದ ಮೇಲೂ ಅಲ್ಲಿ ಇಂಥ ಪ್ರಕರಣಗಳು ನಿಲ್ಲಲಿಲ್ಲ. ಮೊದಲು ಹೊರಬಂದ ಆ ವಿಡಿಯೋ ಕೂಡ ಡೇ ಕೇರ್‌ನ ಕ್ಯಾಮೆರಾದಲ್ಲೇ ಸಿಕ್ಕಿದ್ದು. ಕ್ಯಾಮೆರಾ ನೋಡುತ್ತಲೇ ಇತ್ತು, ಅಲ್ವಾ? ಏಟು ಬಿದ್ದ ಮೇಲೆ ಯಾರು ಹೊಡೆದರು ಅಂತ ಅದು ಹೇಳುತ್ತದೆ. ಏಟು ಬೀಳುವ ಮುಂಚೆ ಕೈ ಹಿಡಿಯಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು.

ಎಷ್ಟು ಮಕ್ಕಳಿಗೆ ಒಬ್ಬರು ಅನ್ನುವುದಕ್ಕೆ ಲೆಕ್ಕವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೇರಿ ರೂಪಿಸಿದ ಮಾನದಂಡದ ಪ್ರಕಾರ ಒಂದು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, ಅಲ್ಲಿಂದ ಮೂರು ತುಂಬುವವರೆಗೆ 4 ಮಕ್ಕಳಿಗೆ ಒಬ್ಬರು ಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿಯಲ್ಲೂ ಮಕ್ಕಳನ್ನು ನೋಡಿಕೊಳ್ಳುವ ಜಾಗಗಳಲ್ಲಿ ಸಿಬ್ಬಂದಿ ಎಷ್ಟಿರಬೇಕು, ಎಂಥವರಿರಬೇಕು ಅನ್ನುವುದಕ್ಕೆ ಮಾನದಂಡ ಇರಬೇಕು ಅಂತ ಬರೆದಿದೆ. ನಾನು ನೋಡಿದ್ದು ಹನ್ನೊಂದಕ್ಕೆ ಒಬ್ಬರು.

ಅಳುವ ಕೂಸನ್ನು ಸಿಟ್ಟಿನಲ್ಲಿ ಕುಲುಕುವುದು ಎಷ್ಟು ಅಪಾಯ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಕೂಸಿನ ತಲೆ ಭಾರ, ಕತ್ತಿಗೆ ಬಲವಿಲ್ಲ. ಕೆಲವು ಸೆಕೆಂಡ್ ಜೋರಾಗಿ ಅಲುಗಾಡಿಸಿದರೂ ಮೆದುಳಿನ ಸುತ್ತ ರಕ್ತಸ್ರಾವ ಆಗಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಹೊರಗೆ ಒಂದು ಗೀರೂ ಕಾಣದೆ ಇರಬಹುದು. ತಡೆಯಲಾಗದಷ್ಟು ಸಿಟ್ಟು ಬಂದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ದೂರ ಹೋಗಿ ಅಂತಾರೆ ವೈದ್ಯರು. ಸರಿಯಾದ ಮಾತೇ. ಆದರೆ ಒಬ್ಬರೇ ಇದ್ದರೆ ಉಳಿದ ಹತ್ತು ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

ಲೈಂಗಿಕ ದೌರ್ಜನ್ಯದ ವಿಷಯದಲ್ಲೂ ಇದೇ ಮಾತು. ಮಗು ಯಾರೊಬ್ಬರ ಜೊತೆಗೂ ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಇರುವ ಹಾಗಿರಬಾರದು. ಡಯಪರ್ ಬದಲಿಸುವ ಜಾಗ ಇನ್ನೊಬ್ಬರ ಕಣ್ಣಿಗೆ ಕಾಣುವಂತಿರಬೇಕು. ಹೇಳದೆ ಕೇಳದೆ ಅಪ್ಪ ಅಮ್ಮ ಯಾವಾಗ ಬಂದರೂ ಬಾಗಿಲು ತೆರೆಯಬೇಕು. "ಮಕ್ಕಳು ಮಲಗಿದಾರೆ, ಆಮೇಲೆ ಬನ್ನಿ" ಅಂತ ಮತ್ತೆ ಮತ್ತೆ ಹೇಳುವ ಕಡೆ ನಾನಂತೂ ಮಗು ಬಿಡಲ್ಲ.

ಸ್ನಾನ ಮಾಡಿಸುವಾಗ ಮೈ ನೋಡಿ. ಓಡಾಡುವ ಮಗುವಿನ ಮಂಡಿ, ಮೊಣಕಾಲ ಕೆಳಗೆ, ಹಣೆ, ಇಲ್ಲೆಲ್ಲ ಪೆಟ್ಟಾಗುವುದು ಸಹಜ. ಕಿವಿ, ಕತ್ತು, ಹೊಟ್ಟೆ, ಬೆನ್ನಿನ ಮೇಲೆ ನೀಲಿಗಟ್ಟಿದ್ದರೆ ವೈದ್ಯರಿಗೆ ತೋರಿಸಿ. ಇನ್ನೂ ಮಗುಚಿಕೊಳ್ಳದ ಕೂಸಿನ ಮೈಮೇಲೆ ಎಲ್ಲೇ ನೀಲಿಗಟ್ಟಿದ್ದರೂ ಅವತ್ತೇ ತೋರಿಸಿ.

ಮಾತು ಬರುವ ಮಗುವನ್ನು "ಆಂಟಿ ಹೊಡೆದ್ರಾ?" ಅಂತ ಕೇಳಬೇಡಿ. "ಇವತ್ತು ಏನೇನಾಯ್ತು?" ಅಂತ ಕೇಳಿ, ಆಮೇಲೆ ಸುಮ್ನಿರಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದವರ ಮೇಲೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಬಂದ ಪ್ರಕರಣದಲ್ಲಿ ಮಕ್ಕಳ ಬಾಯಿಗೆ ಉತ್ತರ ತುರುಕುವಂಥ ಪ್ರಶ್ನೆ ಕೇಳಿ ಕೇಳಿ, 1983ರಲ್ಲಿ ಶುರುವಾದದ್ದು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಹಾಗೆ ಕೇಳಿದರೆ ನಿಜವಾಗಿ ಪೆಟ್ಟು ತಿಂದ ಮಗುವಿನ ಮಾತನ್ನೂ ಯಾರೂ ನಂಬದ ಹಾಗಾಗುತ್ತದೆ. ಮಗು ಏನಾದರೂ ಹೇಳಿದರೆ ಅದರ ಮಾತಲ್ಲೇ ಬರೆದಿಟ್ಟುಕೊಂಡು ವೈದ್ಯರ ಹತ್ತಿರ, ಪೊಲೀಸರ ಹತ್ತಿರ ಹೋಗಿ. ಡೇ ಕೇರ್‌ನವರ ಜೊತೆ ಮಾತಾಡಿ ಮುಗಿಸಿಕೊಳ್ಳಬೇಡಿ.

ಮಗಳನ್ನು ಅಲ್ಲಿಂದ ಬಿಡಿಸಿದೆ. ಆಮೇಲೆ ನೋಡಿದ ಡೇ ಕೇರ್‌ಗಳಲ್ಲಿ ಆಟದ ಸಾಮಾನು, ಗೋಡೆಯ ಬಣ್ಣ ನೋಡಲು ಹೋಗಲಿಲ್ಲ. ನೇರವಾಗಿ ಆಯಾ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಅಕ್ಕ, ಮಗು ಏನು ಮಾಡಿದ್ರೂ ಅಳು ನಿಲ್ಲಿಸದೇ ಇದ್ರೆ ಏನು ಮಾಡ್ತೀರಿ?" ಒಂದು ಕಡೆ "ನಮ್ಮಲ್ಲಿ ಮಕ್ಕಳು ಅಳೋದೇ ಇಲ್ಲ" ಅಂದರು. ಇನ್ನೊಂದು ಕಡೆ ಉತ್ತರವನ್ನು ಮ್ಯಾನೇಜರ್ ಕೊಟ್ಟರು.

ಮೂರನೇ ಕಡೆ ಆ ಅಕ್ಕ ಪಕ್ಕದಲ್ಲಿ ಡಯಪರ್ ಬದಲಿಸುತ್ತಿದ್ದವರ ಕಡೆ ಕೈ ತೋರಿಸಿ, "ಅವಳ ಕೈಗೆ ಕೊಟ್ಟು ಹೊರಗೆ ಹೋಗಿ ಮುಖ ತೊಳ್ಕೊಂಡು ಬರ್ತೀನಿ. ಅವಳಿಗೆ ಸಾಕಾದ್ರೆ ನನ್ನ ಕೈಗೆ ಕೊಡ್ತಾಳೆ" ಅಂದರು. ಅವತ್ತೇ ಮಗಳನ್ನು ಅಲ್ಲಿಗೆ ಸೇರಿಸಿದೆ.