ಸತ್ಯಾಂಶ: ಹನೇಡಾದಲ್ಲಿ 90 ಸೆಕೆಂಡಿಗೆ ಎಲ್ಲರೂ ಇಳಿದರಾ?

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇ ಮೇಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಗುದ್ದಿ ಹೊತ್ತಿ ಉರಿಯಿತು. ಅದರಲ್ಲಿದ್ದ 379 ಜನರೂ 90 ಸೆಕೆಂಡಿನಲ್ಲಿ ಹೊರಬಂದರು ಅನ್ನೋ ಮೆಸೇಜ್ ಓಡಾಡುತ್ತಿದೆ. ಅಷ್ಟೂ ಜನ ಬದುಕಿದ್ದು ನಿಜ. 90 ಸೆಕೆಂಡ್ ಸುಳ್ಳು. ಕೋಸ್ಟ್ ಗಾರ್ಡ್ ವಿಮಾನದ 6 ಜನರಲ್ಲಿ 5 ಜನ ಸತ್ತರು ಅನ್ನೋದನ್ನಂತೂ ಮೆಸೇಜ್ ಹೇಳುವುದೇ ಇಲ್ಲ.

ಈ 90ರ ಲೆಕ್ಕ ಹೊಸ ಮಾದರಿ ವಿಮಾನಕ್ಕೆ ಅನುಮತಿ ಕೊಡುವ ಪರೀಕ್ಷೆಯದ್ದು. ಅರ್ಧದಷ್ಟು ಬಾಗಿಲು ಮಾತ್ರ ಬಳಸಿ ತುಂಬಿದ ವಿಮಾನ ಖಾಲಿ ಮಾಡಿ ತೋರಿಸಬೇಕು. ಅಲ್ಲಿ ಬೆಂಕಿ ಇರುವುದಿಲ್ಲ.

ಹನೇಡಾದಲ್ಲಿ ಕೊನೆಯವರಾಗಿ ಕ್ಯಾಪ್ಟನ್ ಇಳಿಯುವ ಹೊತ್ತಿಗೆ, ವಿಮಾನ ನೆಲ ಮುಟ್ಟಿ 10 ನಿಮಿಷಕ್ಕೂ ಹೆಚ್ಚು ಆಗಿತ್ತು. ಜಾಸ್ತಿ ಆಯ್ತು ಅನ್ನಿಸುತ್ತದೆ, ಅಲ್ವಾ? ಆದರೆ ಒಳಗಿನ ಮೈಕ್ ಕೆಟ್ಟಿತ್ತು, ಹಾಗಾಗಿ ಸಿಬ್ಬಂದಿ ಮೆಗಾಫೋನ್ ಹಿಡಿದು, ಅದೂ ಸಾಲದೆ ಬಾಯಲ್ಲೇ ಕೂಗಿ ಹೇಳಬೇಕಾಯಿತು, ಜೊತೆಗೆ ಹೊರಗೆ ಬೆಂಕಿ ಇಲ್ಲದ ಕಡೆ ಯಾವುದು ಅಂತ ನೋಡಿಕೊಂಡೇ ಬಾಗಿಲು ತೆಗೆಯಬೇಕಿತ್ತು. 8 ಬಾಗಿಲುಗಳಲ್ಲಿ ಬಳಸಿದ್ದು 3 ಮಾತ್ರ. ಅವಸರದಲ್ಲಿ ಸುಮ್ನೆ ಯಾವುದೋ ಬಾಗಿಲು ತೆರೆದಿದ್ದರೆ ಬೆಂಕಿ, ಹೊಗೆ ಒಳಗೇ ನುಗ್ಗುವ ಅಪಾಯವಿತ್ತು.